ಬಕಾಲಾದ ಲೆಕ್ಕಪುಸ್ತಕ

ಉಮ್ರಾ ಮುಗಿಸಿ ಊರಿಗೆ ಮರಳಿದವರ ಮನೆಗೆ ನೆಂಟರಿಷ್ಟರು ಬರುವುದು, ಜಮ್‌ಜಮ್ ನೀರು ಕುಡಿದು ಎರಡು ಖರ್ಜೂರ ಬಾಯಿಗೆ ಹಾಕಿಕೊಂಡು ಯಾತ್ರೆಯ ವಿವರ ಕೇಳುವುದು ನಮ್ಮ ಕಡೆಯ ವಾಡಿಕೆ. 2024ರ ಜನವರಿಯ ಕೊನೆಯಲ್ಲಿ, ಹಿಜರಿ 1445ರ ರಜಬ್ ತಿಂಗಳಲ್ಲಿ, ನಾವು ತಾಯಿಯವರನ್ನು ಕರೆದುಕೊಂಡು ಹೋಗಿ ಬಂದಾಗಲೂ ಹಾಗಲವಾಡಿಯ ನಮ್ಮ ಮನೆಯಲ್ಲಿ ಒಂದು ವಾರ ಇದೇ ನಡೆಯಿತು. ಕಅಬಾವನ್ನು ಮೊದಲು ಕಂಡಾಗ ಏನನ್ನಿಸಿತು ಎಂದು ಎಲ್ಲರೂ ಕೇಳಿದರು. ಅದಾದ ಮೇಲೆ, ತುಸು ಸಂಕೋಚದಿಂದ, ಇನ್ನೊಂದು ಪ್ರಶ್ನೆ ಬರುತ್ತಿತ್ತು: ಊಟಕ್ಕೆ ಏನು ಮಾಡಿದಿರಿ? ಅಲ್ಲಿ ಅಕ್ಕಿ ಎಷ್ಟು, ಈರುಳ್ಳಿ ಎಷ್ಟು? ಮೊದಲನೆಯದಕ್ಕೆ ನಾವು ಕೊಟ್ಟ ಉತ್ತರ ಎಲ್ಲ ಯಾತ್ರಿಕರೂ ಕೊಡುವಂಥದ್ದೇ. ಎರಡನೆಯದಕ್ಕೆ ಅಂದು ಪೂರ್ತಿ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡಲು ಯತ್ನಿಸುತ್ತಿದ್ದೇವೆ.

ನಮ್ಮ ಊರಿನ ಹೆಸರು ಕೇಳಿ, ಅಲ್ಲಿ ಹಾಗಲಕಾಯಿಯನ್ನೇ ಬೆಳೆಯುತ್ತೀರಾ ಎಂದು ಹೊರಗಿನವರು ತಮಾಷೆ ಮಾಡುವುದುಂಟು. ಗುಬ್ಬಿ ತಾಲ್ಲೂಕಿನ ಈ ಹೋಬಳಿಯಲ್ಲಿ ಬೆಳೆಯುವುದು ತೆಂಗು, ಅಡಿಕೆ, ರಾಗಿ. ಪಕ್ಕದ ಚೇಳೂರು ಹಲಸಿಗೆ ಹೆಸರಾದದ್ದು. ತುಮಕೂರಿನ ಮಾರುಕಟ್ಟೆ ಹುಣಸೆಹಣ್ಣಿಗೆ. ನಮ್ಮ ಬಾಲ್ಯದಲ್ಲಿ ದುಡ್ಡು ಕೊಟ್ಟು ತರುತ್ತಿದ್ದ ದಿನಸಿಯೆಂದರೆ ಉಪ್ಪು, ಬೇಳೆ, ಎಣ್ಣೆ, ಬೆಲ್ಲ, ಸೀಮೆಎಣ್ಣೆ, ಇಷ್ಟೇ. ಅಂಗಡಿಯಲ್ಲಿ ತಂದೆಯವರ ಹೆಸರಿನಲ್ಲಿ ಒಂದು ಸಾಲದ ಪುಸ್ತಕವಿತ್ತು. ಉದ್ದನೆಯದು, ಕೆಂಪು ರಟ್ಟಿನದು. ಅದರ ಪುಟ ತುಂಬುತ್ತ ಬಂದಾಗ ತಂದೆಯವರು ತಾವು ಹೋಗದೆ ನಮ್ಮನ್ನೋ ನಮ್ಮ ತಮ್ಮನನ್ನೋ ಕಳಿಸುತ್ತಿದ್ದರು. ದೊಡ್ಡವರು ಹೋದರೆ ಅಂಗಡಿಯವರು ಬಾಕಿ ಕೇಳುತ್ತಾರೆ, ಮಕ್ಕಳನ್ನು ಕೇಳುವುದಿಲ್ಲ ಎಂಬ ಲೆಕ್ಕ. ಅಂಗಡಿಯವರಿಗೂ ಆ ಲೆಕ್ಕ ಗೊತ್ತಿತ್ತು. ಒಂದು ತುಂಡು ಬೆಲ್ಲ ಕೈಗಿಟ್ಟು, "ಅಪ್ಪನಿಗೆ ಒಮ್ಮೆ ಬಂದು ಹೋಗಲು ಹೇಳು" ಎನ್ನುತ್ತಿದ್ದರು, ಅಷ್ಟೇ.

2011ರಲ್ಲಿ ನಮ್ಮ ತಮ್ಮ ವಾಹನ ಚಾಲಕನಾಗಿ ಜಿದ್ದಾಕ್ಕೆ ಹೋದ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ಹಗ್ಗ ಬಿಗಿದ, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದ ರಟ್ಟಿನ ಪೆಟ್ಟಿಗೆ ಅವನ ಜೊತೆಗೆ ಬರುತ್ತಿತ್ತು. ಕೊಲ್ಲಿ ದೇಶದಲ್ಲಿ ಮಗನೋ ಅಣ್ಣನೋ ಇರುವ ಓದುಗರಿಗೆ ಆ ಪೆಟ್ಟಿಗೆಯೊಳಗೆ ಏನಿರುತ್ತದೆಂದು ಹೇಳಬೇಕಾಗಿಲ್ಲ. ನಿಡೋ ಹಾಲಿನ ಪುಡಿಯ ಡಬ್ಬಗಳು, ಟ್ಯಾಂಗ್, ಬಾದಾಮಿ, ಪಿಸ್ತಾ, ಚಾಕಲೇಟು, ಸಾಬೂನು, ಖರ್ಜೂರ. ಆ ಹಾಲಿನ ಪುಡಿಗೆ ನಮ್ಮ ಮನೆಯಲ್ಲಿ ಸಿಕ್ಕ ಮರ್ಯಾದೆಯನ್ನು ಇಂದು ನೆನೆದರೆ ನಾಚಿಕೆಯಾಗುತ್ತದೆ. ತಾಯಿಯವರು ಸಾಕಿದ ಹಸುವಿನ ಹಾಲನ್ನು ಬೆಳಿಗ್ಗೆ ಸಂಜೆ ಡೇರಿಗೆ ಹಾಕಿ, ಅದು ತುಮುಲ್‌ನ ಲಾರಿಯಲ್ಲಿ ತುಮಕೂರಿಗೆ ಹೋಗುವುದನ್ನು ನೋಡುತ್ತ, ಮನೆಗೆ ಬಂದ ಅತಿಥಿಗಳಿಗೆ ನಾವು ಮರಳುಗಾಡಿನಿಂದ ಬಂದ ಪುಡಿಯನ್ನು ಕದಡಿ ಚಹಾ ಕೊಡುತ್ತಿದ್ದೆವು. ಡಬ್ಬ ಖಾಲಿಯಾದ ಮೇಲೂ ಕಪಾಟಿನಲ್ಲಿ ಎದುರಿಗೆ ಕಾಣುವಂತೆ ಇರಿಸುತ್ತಿದ್ದೆವು.

ಕ್ರಮೇಣ ಮನೆಯ ಊಟವೂ ಬದಲಾಯಿತು. ತಮ್ಮ ಕಳಿಸುವ ಹಣದಿಂದ ತಿಂಗಳ ದಿನಸಿಗೆ ಬಾಸುಮತಿ ಅಕ್ಕಿ ಸೇರಿತು. ಅದು ಮೊದಲು ಮದುವೆ ಮನೆಯಲ್ಲಷ್ಟೇ ಕಾಣುವ ಪದಾರ್ಥವಾಗಿತ್ತು. ರಾತ್ರಿಯ ಮುದ್ದೆ ನಿಂತಿತು. ನಮ್ಮ ಮಕ್ಕಳು ಮುದ್ದೆಯನ್ನು ದಾದಿಯ ಊಟ ಎಂದು ಕರೆಯತೊಡಗಿದರು. ಚಿಕ್ಕಪ್ಪ ಅಲ್ಲಿ ದಿನವೂ ಬಿರಿಯಾನಿ, ಖರ್ಜೂರ, ಸೇಬು ತಿನ್ನುತ್ತಾರೆಂದು ಅವರ ಕಲ್ಪನೆ. ನಾವೂ ಅದನ್ನು ತಿದ್ದಲಿಲ್ಲ. ತಿದ್ದಲು ನಮಗಾದರೂ ಏನು ಗೊತ್ತಿತ್ತು?

ಯಾತ್ರೆಯ ಸಿದ್ಧತೆ ಆರಂಭವಾದಾಗ ತಾಯಿಯವರು ಮೊದಲು ಕಟ್ಟಿಟ್ಟದ್ದು ಐದು ಕಿಲೋ ರಾಗಿ ಹಿಟ್ಟು. ಅವರಿಗೆ ಸಕ್ಕರೆ ಕಾಯಿಲೆ. ಜೊತೆಗೆ ಎಪ್ಪತ್ತು ವರ್ಷದ ರೂಢಿ. ಹುಚ್ಚೆಳ್ಳಿನ ಚಟ್ನಿಪುಡಿ, ಹುಣಸೆ, ಸಾರಿನ ಪುಡಿ ಸೇರಿ ಒಂದು ಪೆಟ್ಟಿಗೆಯೇ ತುಂಬಿತು. ಆಗ ಯಾತ್ರಾ ತಂಡದವರು ಎಚ್ಚರಿಸಿದರು: ಗಸಗಸೆ ಮಾತ್ರ ಒಂದು ಕಾಳೂ ಇರಬಾರದು. ಸೌದಿ ಅರೇಬಿಯಾದಲ್ಲಿ ಗಸಗಸೆ ಮಾದಕ ಪದಾರ್ಥಗಳ ಸಾಲಿಗೆ ಸೇರುತ್ತದೆ, ಹಜ್ ಯಾತ್ರಿಕರಿಗೂ ಇದೇ ಸೂಚನೆಯನ್ನು ಪ್ರತಿ ವರ್ಷ ಕೊಡಲಾಗುತ್ತದೆ. ಅಫೀಮಿನ ಗಿಡದ ಬೀಜವೇ ಗಸಗಸೆ ಎಂಬುದು ತಾಯಿಯವರಿಗೆ ಹೊಸ ಸಂಗತಿ. ಮದುವೆ ಮನೆಯಲ್ಲಿ ಬಟ್ಟಲು ಬಟ್ಟಲು ಪಾಯಸ ಕುಡಿದು ಮಲಗಿದ ಹಿರಿಯರನ್ನೆಲ್ಲ ನೆನೆದು ಬಹಳ ಹೊತ್ತು ನಕ್ಕರು. ಆದರೆ ಮಸಾಲೆ ಪುಡಿಗೆ ಗಸಗಸೆ ಬಿದ್ದಿತ್ತು. ಅದನ್ನು ಪಕ್ಕಕ್ಕಿಟ್ಟು ಬೇರೆ ಪುಡಿ ಮಾಡಬೇಕಾಯಿತು.

ಮಕ್ಕಾದಲ್ಲಿ ನಮ್ಮ ಮೊದಲ ಸೋಲು ಚಹಾದಲ್ಲೇ ಆಯಿತು. ತಂಡದ ಅಡುಗೆಯವರು ಎರಡು ಹೊತ್ತು ಅನ್ನ, ಬೇಳೆ, ಕೋಳಿ ಕೊಡುತ್ತಿದ್ದರು. ಚಹಾಕ್ಕೆ ಮಾತ್ರ ನಾವೇ ಹಾಲು ತರುತ್ತೇವೆಂದು ಹೊರಟೆವು. ಇಪ್ಪತ್ತು ವರ್ಷ ಮಕ್ಕಳಿಗೆ ಅರಬಿ ಕಲಿಸಿದವರು ನಾವು. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ ಜಾನುವಾರುಗಳ ಒಡಲಿನಿಂದ ಬರುವ ಶುದ್ಧ ಹಾಲಿನ ಪ್ರಸ್ತಾಪವಿದೆ. ಅಲ್ಲಿ ಹಾಲಿಗೆ ಬಳಸಿದ ಪದ ಲಬನ್. ಅಂಗಡಿಯಲ್ಲಿ ನಾವು ಸ್ಪಷ್ಟ ಉಚ್ಚಾರಣೆಯಲ್ಲಿ ಲಬನ್ ಎಂದೆವು, ಅಂಗಡಿಯವನು ಬಾಟಲಿ ಕೊಟ್ಟ. ಕುದಿಯುವ ಚಹಾಕ್ಕೆ ಸುರಿದ ಕೂಡಲೇ ಒಡೆದು ಮೊಸರು ಮೊಸರಾಯಿತು. ಇಂದಿನ ಸೌದಿಯ ಅಂಗಡಿಗಳಲ್ಲಿ ಲಬನ್ ಎಂದರೆ ಗಟ್ಟಿ ಮಜ್ಜಿಗೆ. ಹಾಲು ಬೇಕಾದರೆ ಹಲೀಬ್ ಎನ್ನಬೇಕು. ತಾಯಿಯವರು ಆ ಬಾಟಲಿಯಲ್ಲಿ ಉಳಿದದ್ದಕ್ಕೆ ಉಪ್ಪು ಹಾಕಿ ಕುಡಿದು, ಬಹಳ ಚೆನ್ನಾಗಿದೆ, ನಾಳೆಯೂ ತಪ್ಪಾಗಿಯೇ ಕೇಳು ಎಂದರು.

ಮೊದಲ ಎರಡು ದಿನ ನಾವು ಪ್ರತಿಯೊಂದನ್ನೂ ಇಪ್ಪತ್ತೆರಡರಿಂದ ಗುಣಿಸುತ್ತಿದ್ದೆವು. ಒಂದು ರಿಯಾಲಿಗೆ ಆಗ ಸುಮಾರು ಇಪ್ಪತ್ತೆರಡು ರೂಪಾಯಿ. ಬೆಲೆಯ ಮೇಲೆ ನೂರಕ್ಕೆ ಹದಿನೈದರಂತೆ ತೆರಿಗೆಯೂ ಉಂಟು. 2018ರಲ್ಲಿ ಐದರಿಂದ ಆರಂಭವಾದದ್ದು 2020ರ ಜುಲೈಯಿಂದ ಹದಿನೈದಾಯಿತು. ಹಾಗಿದ್ದೂ ಒಂದು ರಿಯಾಲಿಗೆ ಖುಬ್ಜ್‌ನ ಒಂದು ಪೊಟ್ಟಣ ಸಿಗುತ್ತಿತ್ತು. ನಮ್ಮ ದೊಡ್ಡ ಚಪಾತಿಯಷ್ಟು ಅಗಲದ ರೊಟ್ಟಿಗಳು, ಒಬ್ಬರಿಗೆ ಒಂದು ದಿನಕ್ಕೆ ಸಾಕು. ಹೊಟ್ಟೆ ತುಂಬಿಸುವ ವಸ್ತು ಇಷ್ಟು ಅಗ್ಗವಾಗಿರುವಾಗ ನಾಲ್ಕು ಎಸಳು ಕರಿಬೇವಿನ ಪೊಟ್ಟಣಕ್ಕೆ ಎರಡು ರಿಯಾಲ್! ತೆಂಗಿನಕಾಯಿಯನ್ನು ಸಿಪ್ಪೆಯೆಲ್ಲ ಉಜ್ಜಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಭಾರತದ್ದೆಂದು ಚೀಟಿ ಅಂಟಿಸಿ, ಒಂದಕ್ಕೆ ಐದು ರಿಯಾಲಿನಂತೆ ಇಟ್ಟಿದ್ದರು. ನಮ್ಮಲ್ಲಿ ಅದೇ ಸುಮಾರಿಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದು, ತೆಂಗು ಬೆಳೆಗಾರರು ಬೀದಿಗಿಳಿದಿದ್ದರು. ತಾಯಿಯವರು ಆ ಕಾಯಿಯನ್ನು ಕೈಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿ ನೋಡಿದರು. ಇದರಲ್ಲಿ ಬೆಳೆದವನಿಗೆ ಎಷ್ಟು ಹೋಯಿತು ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ.

ಈರುಳ್ಳಿಯಲ್ಲಿ ಭಾರತದ್ದು ಇರಲಿಲ್ಲ. 2023ರ ಡಿಸೆಂಬರ್ 8ರಂದು ನಮ್ಮ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನು ನಿಲ್ಲಿಸಿತ್ತು. ಅದಕ್ಕೂ ಮೊದಲು, ಅದೇ ವರ್ಷದ ಜುಲೈ 20ರಂದು, ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತ್ತು. ಆಗ ಅಮೆರಿಕದಲ್ಲಿರುವ ಕನ್ನಡಿಗರೂ ತೆಲುಗರೂ ಅಂಗಡಿಗಳಿಗೆ ಮುಗಿಬಿದ್ದು ಸೋನಾ ಮಸೂರಿಯ ಚೀಲಗಳನ್ನು ಹೊತ್ತೊಯ್ಯುವ ದೃಶ್ಯಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿ ನಕ್ಕಿದ್ದೆವು. ಗಂಗಾವತಿ, ಸಿಂಧನೂರಿನ ಕಡೆ ಬೆಳೆಯುವ ಅಕ್ಕಿಗಾಗಿ ಸಾವಿರಾರು ಮೈಲಿ ದೂರದಲ್ಲಿ ಇಷ್ಟು ಗಾಬರಿಯೇ ಎಂದು. ಮಕ್ಕಾದ ಅಂಗಡಿಯಲ್ಲಿ ಅದೇ ಅಕ್ಕಿಯ ಖಾಲಿ ಜಾಗವನ್ನು ಕಂಡು, ಹತ್ತು ದಿನದ ಯಾತ್ರಿಕರಾದ ನಮಗೂ ಕೊಂಚ ಗಾಬರಿಯೇ ಆಯಿತು. ಸುತ್ತಲೂ ಇದ್ದದ್ದೆಲ್ಲ ಬಾಸುಮತಿ. ಐದು, ಹತ್ತು, ನಲವತ್ತು ಕಿಲೋ ಚೀಲಗಳು. ನಮ್ಮಲ್ಲಿ ಹಬ್ಬದ ಅಕ್ಕಿ ಅಲ್ಲಿ ಕೂಲಿಯವರ ದಿನದ ಅಕ್ಕಿ.

ಕೋಳಿಗಳು ಮಂಜುಗಟ್ಟಿದ ಪೆಟ್ಟಿಗೆಯಲ್ಲಿ ಒಂಬೈನೂರು, ಸಾವಿರ, ಸಾವಿರದ ನೂರು ಗ್ರಾಂ ಎಂದು ತೂಕದ ಪ್ರಕಾರ ಸಾಲಾಗಿ ಮಲಗಿದ್ದವು, ಬಹುಪಾಲು ಬ್ರೆಜಿಲ್ ದೇಶದವು. ಹಲಾಲ್ ಎಂದು ಮುದ್ರಿತವಾಗಿದೆ. ಅದನ್ನು ನಾವು ಶಂಕಿಸುವುದಿಲ್ಲ. ಆದರೆ ಹಾಗಲವಾಡಿಯಲ್ಲಿ ಕೋಳಿ ಕೊಯ್ಯುವವನ ಹೆಸರು, ಅವನ ತಂದೆಯ ಹೆಸರು, ಅವನು ಫಜ್ರ್ ನಮಾಜಿಗೆ ಬಂದಿದ್ದನೇ ಇಲ್ಲವೇ ಎಂಬುದೂ ತಾಯಿಯವರಿಗೆ ಗೊತ್ತು. ಅವರು ಹತ್ತು ದಿನವೂ ಕೋಳಿ ಮುಟ್ಟಲಿಲ್ಲ.

ಇನ್ನೊಂದು ವ್ಯತ್ಯಾಸವನ್ನು ನಾವು ಸ್ವಲ್ಪ ತಡವಾಗಿ ಗಮನಿಸಿದೆವು. ಅಲ್ಲಿ ತೂಕ ಕರಾರುವಾಕ್ಕಾಗಿರುತ್ತದೆ. ಯಂತ್ರ ತೂಗುತ್ತದೆ, ಚೀಟಿ ಬರುತ್ತದೆ, ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ. ತೂಕದಲ್ಲಿ ವಂಚಿಸುವವರಿಗೆ ಕುರ್‌ಆನಿನಲ್ಲಿ ಅಲ್‌ಮುತಫ್ಫಿಫೀನ್ ಎಂಬ ಅಧ್ಯಾಯವೇ ಎಚ್ಚರಿಕೆಯಾಗಿ ಬಂದಿರುವುದರಿಂದ ಇದು ಸಂತೋಷದ ವಿಷಯವೇ. ಆದರೆ ಕೊಸರಿಲ್ಲ. ನಮ್ಮ ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ಮಾರುವ ಹೆಂಗಸು ಎರಡು ಮೆಣಸಿನಕಾಯಿ, ಒಂದು ಹಿಡಿ ಕರಿಬೇವು ಕೊಸರೆಂದು ಚೀಲಕ್ಕೆ ಹಾಕುತ್ತಾಳೆ. ಹಾಕದಿದ್ದರೆ ಕೊಳ್ಳುವವರು ಜಗಳಕ್ಕೆ ನಿಲ್ಲುತ್ತಾರೆ. ಪ್ರವಾದಿ(ಸ)ರವರು ಮಾರುಕಟ್ಟೆಯಲ್ಲಿ ತೂಗುವವನೊಬ್ಬನಿಗೆ ತಕ್ಕಡಿ ಕೊಂಚ ವಾಲುವಂತೆ ತೂಗು ಎಂದ ಪ್ರಸಂಗ ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿದೆ. ಅದನ್ನು ನಾವು ಎಷ್ಟೋ ಸಲ ಪಾಠ ಮಾಡಿದ್ದೇವೆ, ನಮ್ಮ ಸಂತೆಯ ಕೊಸರು ಮಾತ್ರ ಅದರ ಜೊತೆಗೆ ಒಮ್ಮೆಯೂ ನೆನಪಾಗಿರಲಿಲ್ಲ. ಎರಡು ರಿಯಾಲಿನ ಕರಿಬೇವನ್ನು ಕಂಡಾಗ ನೆನಪಾಯಿತು.

ಹೀಗೆ ಪಾಠದ ಪುಸ್ತಕದಲ್ಲಷ್ಟೇ ಇದ್ದವುಗಳನ್ನು ಕಪಾಟಿನಲ್ಲಿ ಕಂಡದ್ದೂ ಉಂಟು. ಸದಕತುಲ್ ಫಿತ್ರ್‌ನ ಪಾಠದಲ್ಲಿ ಖರ್ಜೂರ, ಜವೆಗೋಧಿ, ಒಣದ್ರಾಕ್ಷಿ, ಅಕಿತ್ ಎಂದು ನಾವು ಓದಿಸುತ್ತ ಬಂದಿದ್ದೇವೆ; ಒಂದು ಸಾಅ್ ಎಂದರೆ ಎಷ್ಟೆಂದು ಮಕ್ಕಳಿಗೆ ಅಜ್ಜಿಯ ಕಾಲದ ಸೇರು, ಪಾವುಗಳ ಲೆಕ್ಕದಲ್ಲಿ ತಿಳಿಸುತ್ತೇವೆ. ಆದರೆ ಅಕಿತ್ ಎಂದರೇನು ಎಂದು ಮಕ್ಕಳು ಕೇಳಿದರೆ, ಒಣಗಿದ ಗಿಣ್ಣು ಎಂದೇನೋ ಹೇಳಿ ಮುಂದೆ ಹೋಗುತ್ತಿದ್ದೆವು. ಮದೀನಾದ ಒಂದು ಅಂಗಡಿಯಲ್ಲಿ ಅದನ್ನು ಮೊದಲ ಬಾರಿಗೆ ಕಂಡೆವು. ಬಿಳಿಯ, ಬೆರಳಿನ ಗುರುತು ಮೂಡಿದ ಗಟ್ಟಿ ಉಂಡೆಗಳು. ಮಜ್ಜಿಗೆಯನ್ನು ಕಾಯಿಸಿ, ನೀರು ತೆಗೆದು, ಬಿಸಿಲಿಗೆ ಒಣಗಿಸಿದ್ದು. ಹುಳಿ, ಉಪ್ಪು, ಕಲ್ಲಿನಷ್ಟು ಗಟ್ಟಿ. ತಾಯಿಯವರು ಬಾಯಿಯಲ್ಲಿಟ್ಟುಕೊಂಡು, ಇದು ಹಾಲು ಕೆಡುವ ಊರಿನವರ ಬುದ್ಧಿ ಎಂದರು. ಅದಕ್ಕಿಂತ ಉತ್ತಮ ಟಿಪ್ಪಣಿಯನ್ನು ನಾವು ಯಾವ ವ್ಯಾಖ್ಯಾನದಲ್ಲೂ ಓದಿಲ್ಲ.

ಅದೇ ಅಂಗಡಿಯಲ್ಲಿ ಕಪ್ಪಗೆ ಒತ್ತಿಟ್ಟ ಅಚ್ಚೊಂದರ ಮೇಲೆ ತಮ್ರ್ ಹಿಂದಿ ಎಂದು ಬರೆದಿತ್ತು. ತಮ್ರ್ ಎಂದರೆ ಖರ್ಜೂರ, ಹಿಂದಿ ಎಂದರೆ ಭಾರತದ್ದು. ಭಾರತದ ಖರ್ಜೂರ ಎಂದು ನಾವು ಓದಿ ಹೇಳಿದ್ದಕ್ಕೆ, ನಮ್ಮಲ್ಲಿ ಖರ್ಜೂರ ಎಲ್ಲಿ ಬೆಳೆಯುತ್ತದೆ ಎಂದು ತಾಯಿಯವರು ಅಚ್ಚರಿಪಟ್ಟು ಮೂಸಿ ನೋಡಿದರು. ಹುಣಸೆಹಣ್ಣು! ಇಂಗ್ಲಿಷಿನ ಟ್ಯಾಮರಿಂಡ್ ಎಂಬ ಹೆಸರೂ ಈ ಅರಬಿ ಹೆಸರಿನಿಂದಲೇ ಹುಟ್ಟಿದ್ದು. ಆದರೆ ಸಸ್ಯಶಾಸ್ತ್ರಜ್ಞರ ಪ್ರಕಾರ ಹುಣಸೆಯ ಮೂಲ ಆಫ್ರಿಕಾ. ನಮ್ಮ ರಾಗಿಯೂ ಅಲ್ಲಿನದೇ. ಇಥಿಯೋಪಿಯಾ, ಉಗಾಂಡಾಗಳ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದದ್ದು. ಅಂದರೆ ತುಮಕೂರಿನ ಮಾರುಕಟ್ಟೆಯಲ್ಲಿ ನಮ್ಮದೆಂದು ಬೀಗುವ ಎರಡು ಪದಾರ್ಥಗಳೂ ಜಿದ್ದಾದ ಎದುರು ದಡದಿಂದ, ಕೆಂಪು ಸಮುದ್ರದ ಆಚೆಯಿಂದ ಹೊರಟವು. ಈ ಮಾತನ್ನು ತಾಯಿಯವರಿಗೆ ಹೇಳಿದಾಗ ಅವರಿಗೆ ಅದು ಅಷ್ಟೇನೂ ರುಚಿಸಲಿಲ್ಲ.

ಏಕೆಂದರೆ ಅಷ್ಟರಲ್ಲಿ ಅವರಿಗೆ ಮುದ್ದೆಯಿಲ್ಲದೆ ಆರು ದಿನವಾಗಿತ್ತು. ಹೋಟೆಲಿನ ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ. ತಂಡದ ಅಡುಗೆಯವರಿಗೆ ನೂರು ಜನರ ಅನ್ನದ ಚಿಂತೆ. ರಾಗಿ ಹಿಟ್ಟು ಪೆಟ್ಟಿಗೆಯಲ್ಲಿ ಕಟ್ಟಿದ ಹಾಗೆಯೇ ಇತ್ತು. ಮಕ್ಕಾಕ್ಕೆ ಮರಳಿದ ರಾತ್ರಿ, ತವಾಫ್ ಮುಗಿಸಿ ಬಂದು ಕಾಲು ಚಾಚಿ ಕುಳಿತವರು, ಒಂದು ಹಿಡಿ ಮುದ್ದೆ, ಸ್ವಲ್ಪ ಬಸ್ಸಾರು ಸಿಕ್ಕಿದ್ದರೆ ಎಂದರು. ನಮಗೆ ಸಿಟ್ಟು ಬಂತು. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಅಂಥ ಸ್ಥಳದಲ್ಲಿ ನಿಂತು ಮುದ್ದೆಯ ನೆನಪೇ ಎನಿಸಿತು. ಬನೀ ಇಸ್ರಾಈಲರ ಕತೆ ಹೇಳಿದೆವು. ಮರಳುಗಾಡಿನಲ್ಲಿ ಅಲ್ಲಾಹನು ಮನ್ನ ಮತ್ತು ಸಲ್ವಾ ಇಳಿಸಿದಾಗ, ಒಂದೇ ಬಗೆಯ ಊಟ ನಮ್ಮಿಂದಾಗದು, ನೆಲ ಬೆಳೆಯುವ ಸೊಪ್ಪು, ಸೌತೆ, ಬೆಳ್ಳುಳ್ಳಿ, ಬೇಳೆ, ಈರುಳ್ಳಿ ಬೇಕೆಂದು ಅವರು ಮೂಸಾ(ಅ)ರವರನ್ನು ಕೇಳಿದ ಪ್ರಸಂಗ ಅಲ್‌ಬಕರಾ ಅಧ್ಯಾಯದಲ್ಲಿದೆ. ಉತ್ತಮವಾದುದನ್ನು ಕೊಟ್ಟು ಕೀಳಾದುದನ್ನು ಕೊಳ್ಳುವಿರಾ ಎಂಬರ್ಥದ ಆಕ್ಷೇಪ ಅವರ ಮೇಲೆ ಬಂತು. ಆ ಪಟ್ಟಿಯ ಅದಸ್, ಬಸಲ್ ಎಂಬ ಪದಗಳು ಇಂದಿಗೂ ಅಲ್ಲಿನ ಅಂಗಡಿಯ ಚೀಟಿಗಳ ಮೇಲಿವೆ. ಸೊಪ್ಪಿಗಿರುವ ಬಕ್ಲ್ ಎಂಬ ಪದದಿಂದಲೇ ದಿನಸಿ ಅಂಗಡಿಗೆ ಬಕಾಲಾ ಎಂಬ ಹೆಸರು ಬಂದದ್ದು. ಇದನ್ನೆಲ್ಲ ತರಗತಿಯಲ್ಲಿ ಹೇಳುವ ಧಾಟಿಯಲ್ಲೇ ಹೇಳಿದೆವು.

ತಾಯಿಯವರು ಪೂರ್ತಿ ಕೇಳಿದರು. ಅವರು ಅಕ್ಷರ ಕಲಿತವರಲ್ಲ. "ಬನೀ ಇಸ್ರಾಈಲರು ಕೊಟ್ಟದ್ದು ಸಾಕು ಎಂದರು. ನಾನು ಎಲ್ಲಿ ಸಾಕು ಎಂದೆ? ಜಮ್‌ಜಮ್ ನೀರಿನಲ್ಲೇ ಮುದ್ದೆ ತಿರುವೋಣ ಎಂದೆ, ಅಷ್ಟೆ" ಎಂದು ಹೇಳಿ ಮಗ್ಗುಲಾಗಿ ಮಲಗಿಬಿಟ್ಟರು. ಆ ರಾತ್ರಿ ನಮಗೆ ಬೇಗ ನಿದ್ದೆ ಬರಲಿಲ್ಲ.

ಶುಕ್ರವಾರ ತಮ್ಮ ಗಾಡಿ ತಂದು ನಮ್ಮನ್ನು ಜಿದ್ದಾಕ್ಕೆ ಕರೆದೊಯ್ದ. ಹೋಗುವುದು ಬೇಡ, ಅಲ್ಲಿ ನೋಡುವಂಥದ್ದೇನಿಲ್ಲ ಎಂದು ಮೊದಲು ತಪ್ಪಿಸಿಕೊಳ್ಳಲು ನೋಡಿದ್ದ. ತಾಯಿಯವರು ಪಟ್ಟು ಬಿಡಲಿಲ್ಲ. ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯ ಒಂದು ಕೋಣೆ, ಆರು ಜನ, ಮೇಲೆ ಕೆಳಗೆ ಮಂಚಗಳು. ಒಬ್ಬ ಮಹಿಳೆ ಬರುತ್ತಾರೆಂದು ಉಳಿದ ಐವರೂ ಕೋಣೆ ಗುಡಿಸಿ, ಆ ದಿನ ಸಂಜೆಯವರೆಗೆ ಹೊರಗೆ ಹೋಗಿದ್ದರು. ಕೋಣೆಯ ಮೂಲೆಯಲ್ಲಿ ಒಂದು ಒಲೆ. ತಾಯಿಯವರು ಬುರ್ಖಾ ತೆಗೆದಿಟ್ಟು ನೇರ ಅಲ್ಲಿಗೆ ಹೋದರು. ಡಬ್ಬಗಳ ಮುಚ್ಚಳ ತೆಗೆದು ನೋಡಿದರು. ಅಕ್ಕಿ, ಕೆಂಪು ಬೇಳೆ, ಎಣ್ಣೆ, ಉಪ್ಪು, ಖಾರದ ಪುಡಿ. "ಹಾಲಿನ ಪುಡಿ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರು. ತಮ್ಮ ಮಾತು ಬೇರೆ ಕಡೆ ತಿರುಗಿಸಿದ.

ಸೊಪ್ಪು, ಈರುಳ್ಳಿ ತರಲು ನಾವಿಬ್ಬರೂ ಕೆಳಗಿನ ಬಕಾಲಾಕ್ಕೆ ಇಳಿದೆವು. ಅಂಗಡಿ ನೋಡಿಕೊಳ್ಳುವವರು ಮಲಪ್ಪುರಂ ಕಡೆಯ ಹಿರಿಯ ಮಲಯಾಳಿ. ತಮ್ಮನ ಅಣ್ಣನೆಂದು ತಿಳಿದು ಎದ್ದು ಸಲಾಮ್ ಹೇಳಿ, ಕುರ್ಚಿ ಕೊಟ್ಟರು. ತಮ್ಮ ಒಳಗೆ ಸೊಪ್ಪು ಆರಿಸುತ್ತಿದ್ದಾಗ, ನಿಮ್ಮ ತಮ್ಮನ ಲೆಕ್ಕ ಇಷ್ಟು ವರ್ಷದಲ್ಲಿ ಒಂದು ರಿಯಾಲೂ ತಪ್ಪಿಲ್ಲ ಎಂದು ಹಿಂದಿಯಲ್ಲಿ ಹೊಗಳಿದರು. ಸಾಕ್ಷಿಗೆಂದು ಮೇಜಿನ ಕೆಳಗಿನಿಂದ ಒಂದು ಪುಸ್ತಕ ತೆಗೆದರು. ಉದ್ದನೆಯ ಪುಸ್ತಕ. ರಟ್ಟಿನ ಬಣ್ಣ ನೀಲಿ, ಅಷ್ಟೇ ವ್ಯತ್ಯಾಸ. ಅಲ್ಲಿ ಗಿರಾಕಿಗಳ ಹೆಸರಿಲ್ಲ, ಊರುಗಳಿವೆ: ಹೈದರಾಬಾದ್, ಸಿಲ್ಹಟ್, ಪೇಶಾವರ. ನಮ್ಮ ತಮ್ಮನ ಪುಟದ ಮೇಲೆ ಇಂಗ್ಲಿಷಿನಲ್ಲಿ ತುಮ್ಕೂರ್ ಎಂದಿತ್ತು. ಉಳಿದದ್ದು ಮಲಯಾಳದಲ್ಲಿ. ನಮಗೆ ಅಂಕಿಗಳಷ್ಟೇ ಓದಲು ಬಂದವು, ಪದಾರ್ಥಗಳನ್ನು ಅವರು ಬೆರಳಿಟ್ಟು ಓದಿ ಹೇಳಿದರು. ಖುಬ್ಜ್ ಒಂದು. ಖುಬ್ಜ್ ಒಂದು, ಈರುಳ್ಳಿ ಎರಡು. ಖುಬ್ಜ್ ಒಂದು, ಮೊಟ್ಟೆ ನಾಲ್ಕು. ಖುಬ್ಜ್ ಒಂದು. ಖುಬ್ಜ್ ಒಂದು, ಲಬನ್ ಚಿಕ್ಕದು. ಫೋನಿನ ಕಾರ್ಡು. ಖುಬ್ಜ್ ಒಂದು. ತಿಂಗಳಿಗೆ ನೂರು, ನೂರಿಪ್ಪತ್ತು ರಿಯಾಲ್. ಅದರಲ್ಲಿ ಅರ್ಧ ಫೋನಿನದೇ. ಅಂದರೆ ಮನೆಗೆ ಮಾತಾಡಿದ್ದು.

ನಡುವೆ ಒಂದು ಕಡೆ ಮಾತ್ರ ಸಾಲುಗಳು ಒತ್ತಾಗಿದ್ದವು. 2022ರದು, ಅವನು ಹಿಂದಿನ ರಜೆಗೆ ಬರುವ ಹಿಂದಿನ ದಿನದ ಲೆಕ್ಕ. ಹಾಲಿನ ಪುಡಿ ಎರಡೂವರೆ ಕಿಲೋದ ಡಬ್ಬ ಎರಡು. ಟ್ಯಾಂಗ್ ಎರಡು. ಬಾದಾಮಿ, ಪಿಸ್ತಾ. ಚಾಕಲೇಟು ಮೂರು ಕಿಲೋ. ಸಾಬೂನು. ಖರ್ಜೂರ ಐದು ಕಿಲೋ. ಒಟ್ಟು ನಾನೂರ ಎಂಬತ್ತಾರು ರಿಯಾಲ್. ಅದರ ಮುಂದೆ ಬೇರೆ ಶಾಯಿಯಲ್ಲಿ ನೂರು, ನೂರು, ಎಂಬತ್ತು, ನೂರು, ನೂರಾರು. ರಜೆ ಮುಗಿಸಿ ಹಿಂದಿರುಗಿ ಐದು ತಿಂಗಳಲ್ಲಿ ತೀರಿಸಿದ್ದ.

ಆ ಚಾಕಲೇಟುಗಳನ್ನು ನಾವು ಬೀದಿಯ ಮಕ್ಕಳಿಗೆಲ್ಲ ಹಿಡಿಹಿಡಿಯಾಗಿ ಹಂಚಿದ್ದೆವು. ಎರಡನೆಯ ಹಾಲಿನ ಡಬ್ಬ ಗಂಟುಕಟ್ಟಿ ಹಾಳಾಗಿತ್ತು. ಮಗ್ಗುಲ ಮನೆಯವರ ಪೆಟ್ಟಿಗೆಯಲ್ಲಿ ಆಲಿವ್ ಎಣ್ಣೆಯೂ ಬಂದಿದೆ, ಮುಂದಿನ ಸಲ ಅದನ್ನೂ ತಾ ಎಂದು ಅವನಿಗೆ ಹೇಳಿದ್ದವರು ನಾವೇ.

ಸೊಪ್ಪಿನ ಕಟ್ಟು ಹಿಡಿದು ಬಂದ ತಮ್ಮ ಪುಸ್ತಕ ತೆರೆದಿರುವುದನ್ನು ನೋಡಿದ. ಏನೂ ಹೇಳದೆ ಅದನ್ನು ಮುಚ್ಚಿ ಹಿರಿಯರ ಕೈಗೆ ಕೊಟ್ಟ. ಇಂದಿನ ಸಾಮಾನಿನ ಹಣವನ್ನಾದರೂ ನಾವು ಕೊಡುತ್ತೇವೆಂದು ಜೇಬಿಗೆ ಕೈ ಹಾಕಿದಾಗ, ಬೇಡ, ಪುಸ್ತಕದಲ್ಲಿ ಬರೆಯಲಿ ಎಂದ. ಮೆಟ್ಟಿಲು ಹತ್ತುವಾಗ, ಅಮ್ಮನಿಗೆ ಹೇಳಬೇಡಿ ಎಂದಷ್ಟೇ ಅಂದ. ನಾವು ಹೇಳಲಿಲ್ಲ. ಆದರೆ ಹೊಗೆ ಹತ್ತಿದ ಒಲೆಯ ಮೇಲಿನ ಆ ಐದು ಡಬ್ಬಗಳನ್ನು ಅವರು ಆಗಲೇ ನೋಡಿಯಾಗಿತ್ತು.

ಮುದ್ದೆ ತಿರುವಲು ಕೋಲಿರಲಿಲ್ಲ. ಹೊಸ ಪೊರಕೆಯ ಹಿಡಿಯೊಂದನ್ನು ಕೆಳಗಿನ ಅಂಗಡಿಯಿಂದಲೇ ತಂದು, ತೊಳೆದು, ಬಿಸಿನೀರಿನಲ್ಲಿ ಅದ್ದಿ, ಅದರಿಂದ ತಿರುವಿದರು. ಜಮ್‌ಜಮ್ ನೀರಿನಲ್ಲೇ. ಸೊಪ್ಪು ಯಾವುದೆಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಬಸ್ಸಾರು ಮಾತ್ರ ಬಸ್ಸಾರಿನಂತೆಯೇ ಇತ್ತು. ಐದು ರಿಯಾಲಿನ ತೆಂಗಿನಕಾಯಿಯನ್ನೂ ಅಂದು ಒಡೆದೆವು. ನಾವು ಮೂವರು ನೆಲದ ಮೇಲೆ ಒಂದೇ ತಟ್ಟೆಯ ಸುತ್ತ ಕುಳಿತೆವು. ತಮ್ಮ ಎರಡು ಮುದ್ದೆ ಉಂಡ. ಮೂರನೆಯದನ್ನು ತಾಯಿಯವರು ಕೇಳದೆಯೇ ಹಾಕಿದರು, ಅದನ್ನೂ ಉಂಡ. ಉಳಿದ ಐವರಿಗೂ ಆಕೆ ಬೇಯಿಸಿ ಮುಚ್ಚಿಟ್ಟರು. ಸಿಲ್ಹಟ್‌ನ ಹುಡುಗನೊಬ್ಬ ಮರುದಿನ ಫೋನಿನಲ್ಲಿ, ಈ ಕಪ್ಪು ಉಂಡೆಯನ್ನು ಅಗಿಯಬೇಕೇ ನುಂಗಬೇಕೇ ಎಂದು ಕೇಳಿದನಂತೆ.

ಹೊರಡುವಾಗ ರಾಗಿ ಹಿಟ್ಟು, ಹುಚ್ಚೆಳ್ಳಿನ ಪುಡಿ, ಹುಣಸೆ, ಎಲ್ಲವನ್ನೂ ತಾಯಿಯವರು ಅಲ್ಲೇ ಬಿಟ್ಟರು. ಪೆಟ್ಟಿಗೆಯಲ್ಲಿ ಜಾಗವಾಯಿತೆಂದು ತಮ್ಮ ಹಾಲಿನ ಪುಡಿಯ ಡಬ್ಬ ತರಲು ಎದ್ದಾಗ, ನಮ್ಮ ಹಸು ಕರು ಹಾಕಿದೆ, ಹಾಲು ಹೆಚ್ಚಾಗಿದೆ ಎಂದು ಅವನನ್ನು ಕೂರಿಸಿದರು. ಹಸು ಆಗ ಕರು ಹಾಕಿರಲಿಲ್ಲ. ಮಕ್ಕಾದಲ್ಲಿ ನಿಂತು ಅಮ್ಮ ಹೇಳಿದ ಒಂದೇ ಸುಳ್ಳು ಅದಿರಬೇಕು. ಅದರ ಹುಕುಮ್ ಏನೆಂದು ಯಾರಾದರೂ ಕೇಳಿದರೆ ನಾವು ಉತ್ತರಿಸುವುದಿಲ್ಲ. ಜಮ್‌ಜಮ್ ಮತ್ತು ಮೂರು ಕಿಲೋ ಖರ್ಜೂರದೊಂದಿಗೆ ನಾವು ಊರಿಗೆ ಬಂದೆವು. ಮಕ್ಕಳು ಪೆಟ್ಟಿಗೆಯನ್ನು ಎರಡು ಸಲ ತಡಕಿದರು.

ಕಳೆದ ವಾರ ರಾತ್ರಿ ತಮ್ಮ ವಿಡಿಯೋ ಕರೆ ಮಾಡಿದ. ಕೈಯಲ್ಲಿ ತಟ್ಟೆ. ತಾನೇ ತಿರುವಿದ ಮುದ್ದೆ ತೋರಿಸಲು ಫೋನನ್ನು ಹತ್ತಿರ ತಂದ. ತಾಯಿಯವರು ಕನ್ನಡಕ ಹಾಕಿಕೊಂಡು ನೋಡಿದರು. "ಒಳಗೆ ಹಿಟ್ಟು ಹಾಗೆಯೇ ಇದೆ. ನೀರು ಮರಳುವ ಮೊದಲೇ ಹಿಟ್ಟು ಸುರಿದಿದ್ದೀಯೆ" ಎಂದರು. ಅವನು ಮುರಿದು ನೋಡಿದ. ಇತ್ತು.